ಇಪ್ಪತ್ತೇಳನೇ ಗಂಟಲು

“ಅವಳ ಮುಖಾನೇ ನಾನು ನೋಡಿಲ್ಲ ಅಂತ ಇನ್ನೆಷ್ಟು ಸಲ ಹೇಳಲಿ, ಸ್ವಾಮಿ?”

ಲೆಕ್ಕದ ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು. ಒರೆಸಿದ ಗಾಜನ್ನೇ ಮತ್ತೊಮ್ಮೆ ಒರೆಸಿದರು.

ಎದುರು ಕುಳಿತಿದ್ದವನು ನಿಧಾನಯ್ಯ. ಪೊಲೀಸ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸವೆಸಿದ ಆತನಿಗೆ ಆ ಅಡ್ಡಹೆಸರು ಇಟ್ಟವರು ಕೈಕೆಳಗಿನವರೇ. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಬರಬರುತ್ತಾ ಎದುರಿಗೇ ಅನ್ನತೊಡಗಿದರು. ಆತನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಅವಸರದವರು ದಾಟಿಕೊಂಡು ಹೋದದ್ದನ್ನು ಹೆಕ್ಕುವುದಕ್ಕೂ ಒಬ್ಬ ಬೇಕಲ್ಲ.

ರೈಲು ನಿಲ್ದಾಣದಲ್ಲಿ ಗಾಡಿಗಳ ಹೊತ್ತು ಸಾರುತ್ತಿದ್ದ ಹೆಣ್ಣುಮಗಳು ಕಾಣೆಯಾಗಿ ಅಂದಿಗೆ ನಲವತ್ತಮೂರು ದಿನ. ಹನ್ನೊಂದನೆಯ ದಿನ ತಂದೆಯ ಫೋನಿಗೆ ಅವಳ ದನಿಯಲ್ಲಿ ನಾಲ್ಕು ಮಾತು ಬಂದಿದ್ದವು. ಅದಾದ ಮೇಲೆ ಏನೂ ಇಲ್ಲ.

“ನೋಡಿಲ್ಲ ಅಂದ್ರೆ ನೋಡಿಲ್ಲ, ಸರಿ. ದನಿ ಹೇಗೆ ಬಂತು ನಿಮ್ಮ ಹತ್ತಿರ?” ಎಂದು ಕೇಳಿದ ನಿಧಾನಯ್ಯ.

“ಟೇಪು ಅಂಚೇಲಿ ಬಂತು. ಗಂಟಲಿನ ಲೆಕ್ಕ ಮಾಡೋಕೆ ಅಂತ ನಲವತ್ತು ಜನ ಕಳಿಸಿದಾರೆ, ಅದರಲ್ಲಿ ಅದೂ ಒಂದು. ಇಲ್ಲಿ ಯಾರಿಗೂ ಹೆಸರಿಲ್ಲ, ನಂಬರು ಮಾತ್ರ. ಅವಳು ಇಪ್ಪತ್ತೇಳು.”

ಆ ನಂಬರೂ ದನಿಯ ಪ್ರಯೋಗಾಲಯದ ವಿಳಾಸವೂ ಬರೆದ ಚೀಟಿ ಹುಡುಗಿಯ ಮೇಜಿನ ಡ್ರಾಯರಿನಲ್ಲಿ ಸಿಕ್ಕಿತ್ತು. ಅದನ್ನು ಹಿಡಿದುಕೊಂಡೇ ನಿಧಾನಯ್ಯ ಈ ಕಟ್ಟಡದ ಮೆಟ್ಟಿಲು ಹತ್ತಿದ್ದು.

ಕೋಣೆ ಚಿಕ್ಕದು. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು ಮೆತ್ತಿದ್ದರು. ಆಡಿದ ಮಾತು ಎದ್ದು ನಿಲ್ಲದೆ ಬಾಯಿಯ ಮುಂದೆಯೇ ಕುಸಿದುಬೀಳುತ್ತಿತ್ತು. ಕಿಟಕಿಯ ಪಕ್ಕದಲ್ಲಿ ಗಚ್ಚಿನಲ್ಲಿ ಮಾಡಿದ ಗಂಟಲಿನ ಮಾದರಿಯೊಂದು ಉದ್ದುದ್ದಕ್ಕೆ ಸೀಳಿಕೊಂಡು ನಿಂತಿತ್ತು. ಯಾರೋ ಅದರ ತಲೆಗೆ ಕೊಡೆ ಸಿಕ್ಕಿಸಿದ್ದರು.

ನಿಧಾನಯ್ಯ ಫೋನು ತೆಗೆದು ಮೇಜಿನ ಮೇಲಿಟ್ಟು, ನಕಲು ಮಾಡಿಕೊಂಡಿದ್ದ ಆ ನಾಲ್ಕು ಮಾತು ಹಾಕಿದ.

“ಅಪ್ಪಾ, ನಾನು ಚೆನ್ನಾಗಿದೀನಿ. ಸ್ವಲ್ಪ ದಿನ ದೂರ ಇರಬೇಕಾಗಿದೆ. ಮಾತ್ರೆ ತಗೊಳ್ಳೋದು ಮರೀಬೇಡಿ. ನಾನೇ ಬರ್ತೀನಿ.”

ಎರಡೂ ಕೈ ತುಂಬ ಸಾಮಾನು ಹಿಡಿದವರಿಗೆ ಬಾಗಿಲು ತೆರೆದುಕೊಡುವಂಥ ದನಿ ಅದು. ಒಳಗೊಳಗೆ ಸಣ್ಣ ಒರಟು. ಆ ಊರಿನಲ್ಲಿ ಗಾಡಿ ಹತ್ತಿದವರೆಲ್ಲ ಅದನ್ನು ಕೇಳಿದವರೇ. ಮುಖ ನೋಡಿದವರು ಮಾತ್ರ ಬೆರಳೆಣಿಕೆಯಷ್ಟು.

ಮೇಷ್ಟ್ರು ಮುಖ ತಿರುಗಿಸಿಕೊಂಡರು. ಕೇಳಿ ಬೇಸತ್ತವರು ಹಾಗೆ ತಿರುಗಿಸುವುದಿಲ್ಲ. ಅದನ್ನು ನಿಧಾನಯ್ಯ ಮನಸ್ಸಿನಲ್ಲೇ ಗಂಟುಹಾಕಿಕೊಂಡ.

*

ಅಂದು ಬೆಳಿಗ್ಗೆ ಆತ ಹುಡುಗಿಯ ತಂದೆಯ ಬಳಿ ಹೋಗಿ ಬಂದಿದ್ದ.

ತಂದೆ ಪುಸ್ತಕ ಕಟ್ಟುವವನು. ಕಣ್ಣು ಹೋಗಿ ನಾಲ್ಕು ವರ್ಷ. ಪೂರ್ತಿ ಹೋಗಿದೆ, ಬೆಳಕು ನೆರಳು ಸಹ ಇಲ್ಲ. ಆದರೂ ಬೆರಳುಗಳಿಗೆ ಕೆಲಸ ಮರೆತಿರಲಿಲ್ಲ. ಹಾಳೆಗಳನ್ನು ಮಡಿಸಿ, ಉಗುರಿನಿಂದ ಗೀರಿ, ಹದಿನಾರು ಎಣಿಸಿ ಪಕ್ಕಕ್ಕಿಡುತ್ತಿದ್ದ. ಹದಿನೇಳನೆಯದು ಕೈಗೆ ಬಂದರೆ ಬೆಂಕಿ ತಗುಲಿದಂತೆ ಬಿಡುತ್ತಿದ್ದ. ಫೋನು ಅಂಟಿನ ಡಬ್ಬಿಯ ಪಕ್ಕದಲ್ಲೇ ಇತ್ತು.

“ದಿನಕ್ಕೆ ಎಷ್ಟು ಸಲ ಕೇಳ್ತೀರಿ?” ಎಂದಿದ್ದ ನಿಧಾನಯ್ಯ.

“ಊಟಕ್ಕೆ ಮುಂಚೆ, ಊಟ ಆದ್ಮೇಲೆ. ಮಾತ್ರೆ ಇದ್ದ ಹಾಗೆ.”

“ಒಂದು ಮಾತು, ತಪ್ಪು ತಿಳೀಬೇಡಿ. ಅದ್ರಲ್ಲಿ ಅವಳು ಒಂದು ಸಲಾನೂ ಉಸಿರು ಎಳ್ಕೊಂಡಿಲ್ಲ. ಗಮನಿಸಿದ್ರಾ?”

“ಇಪ್ಪತ್ತೆರಡು ನಿಲ್ದಾಣದ ಹೆಸರು ಒಂದೇ ಉಸಿರಲ್ಲಿ ಹೇಳೋಳು ನನ್ ಮಗಳು. ನಾಲ್ಕು ಮಾತಿಗೆ ಅವಳಿಗ್ಯಾಕೆ ಉಸಿರು?” ಎಂದು ಮುದುಕ ನಕ್ಕ. ನಗು ಅರ್ಧಕ್ಕೇ ನಿಂತಿತು. “ಸಾಹೇಬ್ರೆ, ನೀವೀಗ ಇದು ಅವಳ ದನಿ ಅಲ್ಲ ಅಂತ ಹೇಳೋಕೆ ಬಂದಿದೀರಾ?”

“ಇನ್ನೂ ಗೊತ್ತಿಲ್ಲ.”

“ಗೊತ್ತು ಮಾಡ್ಕೋಬೇಡಿ ಅಂತ ನಾನು ಹೇಳಿದ್ರೆ ಕೇಳ್ತೀರಾ? ದನಿ ಅವಳದ್ದಾದ್ರೆ ಮಗಳು ಎಲ್ಲೋ ಇದಾಳೆ. ಅಲ್ಲ ಅಂದ್ರೆ...” ಮುದುಕ ಒಂದು ಹಾಳೆ ಮಡಿಸಿದ, ಬಿಚ್ಚಿದ, ಮತ್ತೆ ಅದೇ ಗೆರೆಯಲ್ಲಿ ಮಡಿಸಿದ. “ಕಣ್ಣಿರೋರಿಗೆ ಮಕ್ಕಳ ಫೋಟೋ ಇರುತ್ತೆ. ನನಗೆ ಇರೋದು ಇಷ್ಟೇ.”

ಮೂವತ್ತು ವರ್ಷದ ಹಿಂದಿನ ಮನೆ ನಂಬರು, ಕಳ್ಳನೊಬ್ಬ ಹಾಕಿದ್ದ ಚಪ್ಪಲಿಯ ಬಣ್ಣ, ಯಾವ ಸಾಕ್ಷಿ ಯಾವ ಕಾಲು ಕುಂಟುತ್ತಿದ್ದ ಎಂಬುದು, ಇದೆಲ್ಲ ನಿಧಾನಯ್ಯನ ತಲೆಯಲ್ಲಿ ಅಚ್ಚೊತ್ತಿದ ಹಾಗೆ ಇತ್ತು. ತೀರಿಕೊಂಡ ಹೆಂಡತಿಯ ದನಿ ಮಾತ್ರ ಎಷ್ಟು ತಡಕಿದರೂ ಸಿಗುತ್ತಿರಲಿಲ್ಲ. ಅವಳ ಕೆಮ್ಮು ನೆನಪಿತ್ತು. ಮಾತು ನೆನಪಿರಲಿಲ್ಲ. ಹಾಗಿರುವಾಗ ಇನ್ನೊಬ್ಬನ ಕೈಯಿಂದ ಆ ನಾಲ್ಕು ಮಾತನ್ನು ಕಿತ್ತುಕೊಳ್ಳಲು ಯಾವ ಮುಖ ಹೊತ್ತುಕೊಂಡು ಹೋಗುವುದು?

ಆದರೂ ಹೋಗದೆ ವಿಧಿಯಿರಲಿಲ್ಲ. ಹುಡುಗಿ ಚೆನ್ನಾಗಿದ್ದಾಳೆ ಎಂದು ಆ ದನಿ ಹೇಳಿದ್ದರಿಂದಲೇ ಇಲಾಖೆ ಕೈಕಟ್ಟಿ ಕುಳಿತಿದ್ದು.

*

“ನಿಮ್ಮ ಲೆಕ್ಕ ಏನು ಅಂತ ನನಗೊಂದು ಸಲ ಬಿಡಿಸಿ ಹೇಳಿ. ನಾನು ಓದಿದವನಲ್ಲ. ಏಳನೇ ಕ್ಲಾಸಿಗೇ ಶಾಲೆ ನನ್ನ ಬಿಡ್ತು,” ಎಂದ ನಿಧಾನಯ್ಯ.

ಮೇಷ್ಟ್ರ ಮುಖ ಮೊದಲ ಬಾರಿಗೆ ಸಡಿಲವಾಯಿತು. ತಮ್ಮ ಕೆಲಸದ ಬಗ್ಗೆ ಯಾರೂ ಕೇಳದ ಮನುಷ್ಯನಿಗೆ ಕೇಳುವವನೊಬ್ಬ ಸಿಕ್ಕರೆ ಎದುರಿಗಿರುವುದು ಪೊಲೀಸು ಎನ್ನುವುದೂ ಮರೆತುಹೋಗುತ್ತದೆ.

“ಗಂಟಲಲ್ಲಿ ಎರಡು ಮಡಿಕೆ ಇರುತ್ತೆ. ಎಡಕ್ಕೊಂದು, ಬಲಕ್ಕೊಂದು. ಬಾಗಿಲಿನ ಜೋಡಿ ಕದ ಅಂತಿಟ್ಕೊಳ್ಳಿ. ಒಂದೊಂದು ಕದಾನೂ ನಾವು ಎರಡು ಪುಟ್ಟ ಕಲ್ಲು ಅಂತ ಮಾಡ್ಕೊಳ್ತೀವಿ, ಕೆಳಗೊಂದು ಮೇಲೊಂದು. ಪ್ರತಿ ಕಲ್ಲಿಗೂ ಸ್ಪ್ರಿಂಗು. ಎರಡರ ನಡುವೆ ಇನ್ನೊಂದು ಸ್ಪ್ರಿಂಗು. ಕೆಳಗಿನಿಂದ ಗಾಳಿ ಒತ್ತುತ್ತೆ. ಕೆಳಗಿನ ಕಲ್ಲು ಮೊದಲು ಸರಿಯುತ್ತೆ, ಮೇಲಿನದು ಒಂದು ಚೂರು ತಡವಾಗಿ. ಮುಚ್ಚೋವಾಗಲೂ ಹಾಗೇ. ಆ ಚೂರು ತಡ ಇದೆಯಲ್ಲ, ಅದೇ ಪ್ರಾಣ. ಅದಿಲ್ಲದೆ ಹೋದ್ರೆ ಮಡಿಕೆ ಎರಡು ಸಲ ಅಲುಗಿ ನಿಂತೇಬಿಡುತ್ತೆ.”

“ಕಂಬಳಿ ಕೊಡವಿದಾಗ ಅಲೆ ಕೈಯಿಂದ ಅಂಚಿಗೆ ಹೋಗೋ ಥರ.”

“ಹಾಂ! ಅದೇ!” ಮೇಷ್ಟ್ರು ಕುರ್ಚಿಯ ತುದಿಗೆ ಬಂದರು. “ಹೆಂಗಸರಲ್ಲಿ ಸೆಕೆಂಡಿಗೆ ಇನ್ನೂರು ಸಲ.”

“ನಮ್ಮನೆ ಬಾಗಿಲಾದ್ರೆ ಕೀಲು ಕಿತ್ಕೊಂಡು ಬೀದೀಲಿರುತ್ತೆ.”

ಮೇಷ್ಟ್ರು ನಕ್ಕರು. ಕಲ್ಲಿನ ತೂಕ ಇಷ್ಟು, ಸ್ಪ್ರಿಂಗಿನ ಬಿಗಿ ಇಷ್ಟು ಎಂದು ಪಟ್ಟಿ ಮಾಡಿ ಲೆಕ್ಕಕ್ಕೆ ಕೊಟ್ಟರೆ ಯಂತ್ರ ಕದ ಬಡಿಯುತ್ತದೆ, ದನಿ ಹೊರಡುತ್ತದೆ. ಅಸಲಿ ದನಿಗೆ ಕೂದಲೆಳೆಯಷ್ಟೂ ವ್ಯತ್ಯಾಸ ಬಾರದವರೆಗೆ ಅಂಕಿಗಳನ್ನು ತಿದ್ದುತ್ತಾ ಹೋಗಬೇಕು. ಕೆಲವರ ಪಟ್ಟಿಗೆ ವಾರ ಸಾಕು, ಕೆಲವರದಕ್ಕೆ ವರ್ಷ ಹಿಡಿಯುತ್ತದೆ. ಹೀಗೆಲ್ಲ ಹೇಳಿದರು.

“ಎರಡೂ ಕದ ಒಂದೇ ಹೆಜ್ಜೆ ಹಾಕಿದ್ರೆ ದನಿ ನಯ. ಒಂದು ಕುಂಟಿದ್ರೆ ಒರಟು.”

“ಇವಳದ್ದು ಒರಟು.”

“ಹೌದು. ಒಂದು ಕುಂಟುತ್ತೆ.”

“ಎಡದ್ದು ಕುಂಟಿದ್ರೆ ಒಂದು ಥರ, ಬಲದ್ದು ಕುಂಟಿದ್ರೆ ಇನ್ನೊಂದು ಥರ ಕೇಳಿಸುತ್ತೇನೋ?”

“ಇಲ್ಲ ಇಲ್ಲ. ಎಡದ ಅಂಕಿ ಬಲಕ್ಕೆ ಹಾಕಿ, ಬಲದ್ದು ಎಡಕ್ಕೆ ಹಾಕಿ. ಅದೇ ದನಿ ಬರುತ್ತೆ, ಒಂದಿಷ್ಟೂ ಬದಲಾಗಲ್ಲ. ಯಾವ ಕಡೆ ಕುಂಟು ಅಂತ ಬರೀ ದನಿಯಿಂದ ಹೇಳೋಕೆ ಯಾರ ಕೈಲೂ ಆಗಲ್ಲ. ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಲೇಬೇಕು.”

ನಿಧಾನಯ್ಯ ತಲೆಯಾಡಿಸಿದ. ಕಂಕುಳಲ್ಲಿದ್ದ ಕಡತವನ್ನು ತೆಗೆದು, ದಾರ ಬಿಚ್ಚಿ, ಮೇಜಿನ ಮೇಲೆ ಹರಡಿದ. ಎಲ್ಲವನ್ನೂ ನಿಧಾನವಾಗಿ.

“ನಿಮ್ಮ ಟೈಪಿಸ್ಟಮ್ಮ ಬಹಳ ಒಳ್ಳೇವರು,” ಎಂದ. “ಮೂರು ದಿನ ಅವರ ಕೋಣೇಲಿ ಧೂಳು ಕುಡಿದೆ, ಒಂದು ಸಲಾನೂ ಗೊಣಗಲಿಲ್ಲ. ನಿಮ್ಮನ್ನ ಬಲು ಮೆಚ್ಕೋತಾರೆ. ‘ನಮ್ಮ ಮೇಷ್ಟ್ರಿಗೆ ನೀವು ಹೇಗಿದೀರಿ ಅಂತ ಕೇಳಿದ್ರೆ, ನಿಮ್ಮ ಗಂಟಲು ಹೇಗಿದೆ ಅಂತ ಅವರೇ ವರದಿ ಕೊಡ್ತಾರೆ’ ಅಂದ್ರು.”

ಮೇಷ್ಟ್ರು ನಗಲಿಲ್ಲ.

“ನಲವತ್ತೂ ಪಟ್ಟಿ ನೋಡಿದೆ. ಅಂಕಿ ಒಂದೂ ಅರ್ಥ ಆಗಲಿಲ್ಲ. ಒಂದು ಮಾತ್ರ ಕಣ್ಣಿಗೆ ಬಿತ್ತು. ಕ್ಯಾಮೆರಾ ಫಿಲ್ಮಿನ ನಂಬರು ಇರೋ ಪಟ್ಟಿಗಳಲ್ಲಿ ಕುಂಟು ಒಂದೊಂದು ಸಲ ಎಡಕ್ಕಿದೆ, ಒಂದೊಂದು ಸಲ ಬಲಕ್ಕಿದೆ. ಫಿಲ್ಮ್ ಇಲ್ಲದೆ ಬರೀ ದನಿ ಬಂದಿರೋವು ಹದಿನಾಲ್ಕು. ಅವುಗಳಲ್ಲಿ ಕುಂಟು ಹೆಚ್ಚುಕಡಿಮೆ ಎಲ್ಲದರಲ್ಲೂ ಎಡಕ್ಕೇ. ಯಾಕಮ್ಮಾ ಹೀಗೆ ಅಂತ ಕೇಳಿದೆ. ‘ಗೊತ್ತಿಲ್ಲದಿದ್ರೆ ಎಡಕ್ಕೆ ಹಾಕಿ ಅಂತ ಮೇಷ್ಟ್ರೇ ಪದ್ಧತಿ ಮಾಡಿದಾರೆ. ನಾನೊಂದು ಸಲ ಬಲಕ್ಕೆ ಟೈಪ್ ಮಾಡಿದ್ದಕ್ಕೆ ಇಡೀ ಹಾಳೆ ಹರಿದುಹಾಕಿದ್ರು’ ಅಂದ್ರು.”

ಮೇಷ್ಟ್ರ ಕೈ ಕನ್ನಡಕದ ಕಡೆಗೆ ಹೋಗಿ ಅರ್ಧದಲ್ಲೇ ನಿಂತಿತು.

“ಹದಿನಾಲ್ಕರಲ್ಲಿ ಹದಿಮೂರು ಎಡಕ್ಕೆ.” ನಿಧಾನಯ್ಯ ಒಂದು ಹಾಳೆಯನ್ನು ಬೆರಳಿನಿಂದ ಮುಂದೆ ದೂಡಿದ. “ಇದೊಂದು ಬಲಕ್ಕೆ. ಇಪ್ಪತ್ತೇಳು. ಅಂಚೇಲಿ ಬಂದ ಟೇಪಿನಲ್ಲಿ ಬಲಗಡೆ ಅಂತ ಬರೆದಿತ್ತಾ, ಮೇಷ್ಟ್ರೆ?”

ಗೋಡೆಯ ಸ್ಪಂಜು ಎಲ್ಲ ಸದ್ದನ್ನೂ ಕುಡಿದುಬಿಟ್ಟಿತು. ಗಡಿಯಾರದ ಮುಳ್ಳು ಓಡುವುದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿರಲಿಲ್ಲ.

“ಕೈತಪ್ಪಿರಬಹುದು...”

“ಹಾಳೆ ಹರಿದುಹಾಕಿದವರು ನೀವು.”

ಮೇಷ್ಟ್ರು ಮಗುವಿನ ತಲೆ ಸವರುವ ಹಾಗೆ ಬಲಗಡೆಯ ಸಾಲಿನ ಮೇಲೆ ಬೆರಳಾಡಿಸಿದರು.

“ಫಿಲ್ಮ್ ಅವಳೇ ತಂದಿದ್ಲು,” ಎಂದರು. “ಇದೇ ಕುರ್ಚೀಲಿ ಕೂತಿದ್ಲು. ಈಗ ನೀವು ಕೂತಿದೀರಲ್ಲ, ಅದ್ರಲ್ಲೇ.”

*

“ಕೊಂದ್ರಾ?”

ನಿಧಾನಯ್ಯ ಕೇಳಿದ್ದು ಅಷ್ಟೇ, ಅದೂ ತಗ್ಗಿದ ದನಿಯಲ್ಲಿ.

“ಅಯ್ಯೋ!” ಮೇಷ್ಟ್ರು ಎದ್ದೇಬಿಟ್ಟರು. ಎದ್ದವರಿಗೆ ಎಲ್ಲಿ ಹೋಗಬೇಕೆಂದು ತಿಳಿಯದೆ ಮತ್ತೆ ಕುಳಿತರು. “ಬಲಗಡೆ ಮಡಿಕೇಲಿ ಗೆಡ್ಡೆ ಬೆಳೆದಿತ್ತು. ಅದಕ್ಕೇ ಅದು ಬಿಗಿ, ಭಾರ. ವರ್ಷದಿಂದ ಇತ್ತು, ಶೀತ ಅಂದ್ಕೊಂಡೇ ಕಾಲ ತಳ್ಳಿದಾಳೆ. ಡಾಕ್ಟ್ರು ನೋಡೋ ಹೊತ್ತಿಗೆ ಮೀರಿಹೋಗಿತ್ತು. ಎರಡೂ ಮಡಿಕೆ, ದನಿಪೆಟ್ಟಿಗೆ ಸಮೇತ ತೆಗೀಬೇಕು, ಇಲ್ಲ ಅಂದ್ರೆ ಜೀವ ಹೋಗುತ್ತೆ ಅಂದ್ರಂತೆ.”

ನಿಧಾನಯ್ಯ ತನಗರಿವಿಲ್ಲದೆಯೇ ತನ್ನ ಗಂಟಲನ್ನು ಮುಟ್ಟಿಕೊಂಡ.

“ಅವಳು ಬಂದು ಏನಂದ್ಲು ಗೊತ್ತಾ? ‘ನಮ್ಮಪ್ಪನಿಗೆ ಕಣ್ಣಿಲ್ಲ. ನಾನು ಬರೆದು ತೋರಿಸೋ ಹಾಗಿಲ್ಲ, ಸನ್ನೆ ಮಾಡೋ ಹಾಗಿಲ್ಲ. ನನ್ನ ದನಿ ಹೋದ ದಿನ ಅವರ ಪಾಲಿಗೆ ಮನೇಲಿ ಯಾರೋ ನಡೆದಾಡ್ತಾರೆ ಅಷ್ಟೇ, ಮಗಳು ಇರಲ್ಲ. ಹೋಗೋ ಮುಂಚೆ ನನ್ನ ಗಂಟಲನ್ನ ನಿಮ್ಮ ಲೆಕ್ಕದಲ್ಲಿ ಇಟ್ಕೊಳ್ಳಿ’ ಅಂದ್ಲು.”

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹತ್ತು ದಿನ ಹಗಲೆಲ್ಲ ಇಲ್ಲಿ ಕೂತು ಮಾತಾಡಿದ್ಲು, ನಾನು ಅಂಕಿ ತಿದ್ದಿದೆ. ಕೊನೇ ದಿನ ಗಾಡಿಗಳ ಪಟ್ಟಿ ಪೂರಾ ಓದಿದ್ಲು. ಮುಗಿದ ಮೇಲೆ ‘ಇನ್ನೇನಾದ್ರೂ ಹೇಳಲಾ?’ ಅಂತ ಕೇಳಿದ್ಲು. ಸಾಕು ಅಂದೆ. ಸಾಕು ಅಂದುಬಿಟ್ಟೆ, ಸ್ವಾಮಿ. ಅದೇ ಅವಳ ಕೊನೇ ಮಾತು. ಮಾರನೇ ದಿನ ಆಪರೇಷನ್ನು. ಮನೇಲಿ ಎಂದಿನಂತೆ ಕೆಲಸಕ್ಕೆ ಹೋಗ್ತೀನಿ ಅಂತ ಹೇಳಿ ಹೊರಟ್ಲಂತೆ.”

“ಹನ್ನೊಂದನೇ ದಿನದ ಸಂದೇಶ?”

“ಆಸ್ಪತ್ರೆ ಹಾಸಿಗೇಲಿ ಕೂತು ಚೀಟಿ ಬರೆದು ಕಳಿಸಿದ್ಲು, ಇಂಥಿಂಥ ಮಾತು ಅಂತ. ಗಂಟಲು ನನ್ನ ಲೆಕ್ಕದ್ದು, ತುಟಿ ನಾಲಿಗೆಯ ಆಕಾರ ಅವಳ ಟೇಪಿನದ್ದು. ಉಸಿರು ಎಳ್ಕೊಳ್ಳೋದು ಹಾಕಬೇಕು ಅನ್ನೋದು ಹೊಳೀಲೇ ಇಲ್ಲ. ನನ್ನ ಲೆಕ್ಕದಲ್ಲಿ ಶ್ವಾಸಕೋಶ ಯಾವತ್ತೂ ಖಾಲಿ ಆಗಲ್ಲ.”

ನಿಧಾನಯ್ಯನ ಎದೆಯಿಂದ ಒಂದು ಕಲ್ಲು ಇಳಿಯಿತು. ಇಳಿದ ಜಾಗದಲ್ಲೇ ಇನ್ನೊಂದು ಬಂದು ಕೂತಿತು. ಹುಡುಗಿ ಸತ್ತಿಲ್ಲ. ಆದರೆ ಇಪ್ಪತ್ತೆರಡು ನಿಲ್ದಾಣಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದವಳು ಇನ್ನು ಅಪ್ಪಾ ಎಂದು ಕರೆಯಲಾರಳು. ಇದನ್ನು ಆ ಮುದುಕನಿಗೆ ಯಾವ ಮಾತಿನಿಂದ ಶುರುಮಾಡಿ ಹೇಳುವುದು?

“ಇದನ್ನ ಇಷ್ಟು ದಿನ ಯಾಕೆ ಬಚ್ಚಿಟ್ರಿ?”

“ಮಾತು ಕೊಟ್ಟಿದ್ದೆ. ಗಾಯ ಮಾಗಿದ ಮೇಲೆ ತಾನೇ ಹೋಗಿ ಅಪ್ಪನ ಕೈ ಹಿಡ್ಕೊಂಡು ಹೇಳ್ತೀನಿ ಅಂದಿದ್ಲು. ಅದಕ್ಕೋಸ್ಕರ ಒಂದು ಪುಟ್ಟ ಯಂತ್ರ ಮಾಡಿಕೊಟ್ಟೆ, ಅಂಗೈಯಷ್ಟಗಲ. ಇದೇ ಪಟ್ಟಿ ಅದರೊಳಗಿದೆ. ಅವಳು ಅಕ್ಷರ ಒತ್ತಿದ್ರೆ ಅವಳ ದನೀಲಿ ಮಾತಾಡುತ್ತೆ. ಪಟ್ಟಿ ಇರೋದು ಎರಡೇ ಕಡೆ. ಒಂದು ಇಲ್ಲಿ, ಈ ಬೀರುವಿನಲ್ಲಿ. ಇನ್ನೊಂದು ಅವಳ ಕೈಲಿ.”

“ಅವಳೀಗ ಎಲ್ಲಿ?”

ಮೇಷ್ಟ್ರು ಬೀರುವಿನ ಕಡೆ ತಿರುಗಿದರು. ನಿಧಾನಯ್ಯ ಅವರ ಮಣಿಕಟ್ಟು ಹಿಡಿದುಕೊಂಡ.

“ಮೇಷ್ಟ್ರೆ, ಅವಳೀಗ ಎಲ್ಲಿದಾಳೆ?”

“ಊರಾಚೆ ಒಂದು ಆರೈಕೆ ಮನೇಲಿ ಇದ್ಲು. ದಿನಾ ಸಂಜೆ ಎರಡು ಸಾಲು ಬರೆದು ಕಳಿಸೋಳು. ಆರು ದಿನದಿಂದ ಬಂದಿಲ್ಲ. ಮೊನ್ನೆ ನಾನೇ ಹೋಗಿದ್ದೆ. ಯಾರೋ ಸಂಬಂಧಿಕರು ಬಂದು ಸಹಿ ಹಾಕಿ ಕರ್ಕೊಂಡು ಹೋದ್ರು ಅಂದ್ರು.”

“ಅವಳಿಗೆ ಅಪ್ಪನ್ನ ಬಿಟ್ರೆ ಯಾರೂ ಇಲ್ಲ.”

“ಗೊತ್ತು,” ಎಂದರು ಮೇಷ್ಟ್ರು. “ಅದಕ್ಕೇ ಆರು ದಿನದಿಂದ ನಿದ್ದೆ ಇಲ್ಲ. ಬೇಡ ಅಂದ್ರೂ, ಕೈ ಹಿಡಿದು ಎಳೆದ್ರೂ, ಕೂಗೋಕೆ ಅವಳ ಹತ್ತಿರ ಏನಿದೆ ಹೇಳಿ?”

ಕೂಗಲಾಗದ ಹೆಣ್ಣುಮಗಳನ್ನು ಎಳೆದುಕೊಂಡು ಹೋಗುವುದು ಎಂಥ ಸುಲಭದ ಕೆಲಸ ಎಂದು ನಿಧಾನಯ್ಯನಿಗೆ ಆಗ ಹೊಳೆಯಿತು. ಆತ ಎದ್ದ. ಮೂವತ್ತೊಂದು ವರ್ಷದಲ್ಲಿ ಆತ ಅಷ್ಟು ಬೇಗ ಕುರ್ಚಿ ಬಿಟ್ಟು ಎದ್ದದ್ದನ್ನು ಯಾರೂ ನೋಡಿರಲಿಲ್ಲ.

ಮೊದಲು ಮುದುಕನಿಗೆ ವಿಷಯ ಮುಟ್ಟಬೇಕು. ಬೇರೆ ಯಾರ ಬಾಯಿಂದಲೋ ಕೇಳುವ ಮುಂಚೆ, ತಾನೇ ಹೋಗಿ ಪಕ್ಕದಲ್ಲಿ ಕೂತು ಹೇಳಬೇಕು. ಹೊರಡುವ ಮುಂಚೆ ಫೋನು ಮಾಡಿದ. ಗಂಟೆ ಹೊಡೆಯಿತು, ಹೊಡೆಯಿತು, ನಿಂತಿತು. ಇನ್ನೊಂದು ಸಲ ಮಾಡಿದ. ಯಾರೂ ಎತ್ತಲಿಲ್ಲ.

ಮುದುಕನ ಮನೆಯ ಕೆಳಗೆ ಇಸ್ತ್ರಿ ಅಂಗಡಿ ಇತ್ತು. ಅಲ್ಲಿಯ ಹೆಂಗಸೇ ಅವನಿಗೆ ಮೆಟ್ಟಿಲು ಹತ್ತಿಸಿ ಇಳಿಸುತ್ತಿದ್ದವಳು. ನಿಧಾನಯ್ಯ ಅವಳ ನಂಬರು ಒತ್ತಿದ.

“ನಾನಮ್ಮಾ, ಪೊಲೀಸು. ಮೇಲಿನ ಮನೆ ಯಜಮಾನರು ಫೋನು ಎತ್ತುತ್ತಾ ಇಲ್ಲ. ಸ್ವಲ್ಪ ನೋಡ್ತೀರಾ?”

“ಅಯ್ಯೋ ದೇವರೇ, ನಿಮಗಿನ್ನೂ ಸುದ್ದಿ ಬಂದಿಲ್ವಾ?” ಅತ್ತಲಿಂದ ಸಂತೋಷ ಉಕ್ಕಿಬಂತು. “ಮಗಳು ಬಂದ್ಲಲ್ಲಾ! ಅರ್ಧ ಗಂಟೆ ಆಯ್ತು. ಕಾರು ಬಂದು ಇಲ್ಲೇ ನಿಂತಿತು. ‘ಅಪ್ಪಾ, ಬಂದೆ. ಕೆಳಗಿಳೀರಿ’ ಅಂತ ಕರೆದ್ಲು ನೋಡಿ, ನಾನೇ ಕಿವಿಯಾರೆ ಕೇಳಿದೆ. ಮುದುಕಪ್ಪ ಕೋಲೂ ಹಿಡೀದೆ ದಡಬಡ ಇಳಿದು ಬಂದ್ರು. ಎರಡು ಮೆಟ್ಲು ಜಾರಿದ್ರೂ ನಗ್ತಾನೇ ಇದ್ರು. ನಂಗಂತೂ ಅಳೂನೇ ಬಂದುಬಿಡ್ತು.”

ನಿಧಾನಯ್ಯ ಗೋಡೆಗೆ ಕೈಯೂರಿದ. ಸ್ಪಂಜು ಒಳಕ್ಕೆ ಕುಸಿಯಿತು.

“ಅಮ್ಮಾ, ನಿಧಾನವಾಗಿ ಹೇಳಿ. ಅವಳನ್ನ ನೀವು ಕಣ್ಣಾರೆ ನೋಡಿದ್ರಾ?”

ಅತ್ತ ಕಡೆ ಬಿಸಿ ಇಸ್ತ್ರಿಯ ಕೆಳಗೆ ಒದ್ದೆ ಬಟ್ಟೆ ಚುಯ್ಯೆನ್ನುವುದು ಕೇಳಿಸಿತು.

“ಅದೇ ನಂಗೂ... ಮಾತಾಡಿಸೋಣ ಅಂತ ನಾನೂ ಓಡಿಹೋಗಿ ಕಿಟಕೀಲಿ ಬಗ್ಗಿದೆ. ಮುಂದೆ ಓಡಿಸೋ ಗಂಡಸೊಬ್ಬ ಇದ್ದ, ಅಂಗೈಯಷ್ಟಗಲದ್ದು ಏನೋ ಹಿಡ್ಕೊಂಡು ಒತ್ತುತ್ತಾ ಇದ್ದ, ಈ ಕಡೆ ತಿರುಗಲೇ ಇಲ್ಲ. ಹಿಂದುಗಡೆ ಮುದುಕಪ್ಪ ಒಬ್ರೇ. ‘ಬಾಗಿಲು ಹಾಕ್ಕೊಳ್ಳಿ ಅಪ್ಪಾ’ ಅಂತ ಅವಳ ದನಿ ಮತ್ತೆ ಬಂತು, ಇವರು ಹಾಕ್ಕೊಂಡ್ರು, ಕಾರು ಹೊರಟೇ ಹೋಯ್ತು. ಆದ್ರೆ ಸ್ವಾಮಿ, ಆ ಕಾರಲ್ಲಿ ಹೆಂಗಸು ಅಂತ ಒಬ್ಬರೂ ಇರಲಿಲ್ಲ.”